ಮೂವತ್ನಾಲ್ಕು ನಿಮಿಷದ ವಿಮಾನ

ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿ ಕೂತು ಎದ್ದ ಮನುಷ್ಯನಿಗೆ ಗಡಿಯಾರದ ಮೇಲಿರುವ ಸಲುಗೆ ಕಟ್ಟಿಕೊಂಡ ಹೆಂಡತಿಯ ಮೇಲೂ ಇರುವುದಿಲ್ಲ. ನಿಮಿಷಯ್ಯನವರ ವಿಷಯದಲ್ಲಂತೂ ಇದು ಅಕ್ಷರಶಃ ನಿಜ. ಅವರ ಹುಟ್ಟುಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಬೀದಿಗೆಲ್ಲ ಅವರು ನಿಮಿಷಯ್ಯ.

ವೇಳಾಪಟ್ಟಿ ಎಂದರೆ ಬಸ್ಸು ಬರುವ ಹೊತ್ತನ್ನು ಬರೆದಿಡುವ ಹಲಗೆ ಎಂದು ಜನ ತಿಳಿದಿದ್ದಾರೆ. ಪಾಪ, ತಿಳಿದುಕೊಳ್ಳಲಿ. ಒಳಗಿನವರಿಗೆ ಗೊತ್ತು: ಮೂರು ಗಂಟೆ ಓಡುವ ಬಸ್ಸಿಗೆ ಮೂರೂಮುಕ್ಕಾಲು ಎಂದು ಬರೆಯಬೇಕು. ಆ ಮುಕ್ಕಾಲು ಗಂಟೆಗೆ ನಿಮಿಷಯ್ಯ ‘ಗಂಟು’ ಎಂದು ಹೆಸರಿಟ್ಟಿದ್ದರು. ಚಾಲಕನ ಚಹಾ, ಚಕ್ರದ ಪಂಕ್ಚರು, ದಾರಿಗಡ್ಡ ನಿಂತ ಎಮ್ಮೆ, ಕಂಡಕ್ಟರನ ಜಗಳ, ಎಲ್ಲಕ್ಕೂ ಖರ್ಚು ಆ ಗಂಟಿನಿಂದಲೇ. ಅವರ ಕಾಲದಲ್ಲಿ ಒಂದೇ ಒಂದು ಬಸ್ಸು ತಡವಾಗಿ ಬರಲಿಲ್ಲ. ಬಂದದ್ದೆಲ್ಲ ‘ಬೇಗ’ ಬಂದವೇ. ಮೇಲಧಿಕಾರಿಗಳು ಮೆಚ್ಚಿ ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ ಎಂಬುದು ಬೇರೆ ಮಾತು.

ಇಂಥವರ ಮಗಳಿಗೆ ಮದುವೆ ಗೊತ್ತಾಯಿತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಹುಡುಗ ಅದೇ ಊರಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಅವಳು ಕೆಲಸ ಮಾಡುವ ಕಟ್ಟಡದ ಲಿಫ್ಟು ಒಂದು ವರ್ಷದಲ್ಲಿ ಹದಿನಾಲ್ಕು ಸಲ ಕೆಟ್ಟಾಗಲೇ ಮನೆಯವರು ಅರ್ಥ ಮಾಡಿಕೊಳ್ಳಬೇಕಿತ್ತು. ಇಬ್ಬರಿಗೂ ಆಡಂಬರ ಬೇಡ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮುಗಿಸೋಣ ಎಂದರು. ಎಲ್ಲರೂ ಒಪ್ಪಿದರು, ಹುಡುಗನ ತಾಯಿಯ ಹೊರತು. ಆಕೆ ದೂರದ ಊರಲ್ಲಿ ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಯಾರನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: “ನಾನು ಅಲ್ಲಿ ನಿಂತು, ಕಣ್ಣಾರೆ ನೋಡಿ, ಸಾಕ್ಷಿ ಅಂತ ನನ್ನ ಕೈಯಾರೆ ಸಹಿ ಹಾಕ್ಬೇಕು. ನಾನಿಲ್ದೆ ಆದ ಮದ್ವೆ ನನ್ನ ಪಾಲಿಗೆ ಆಗೇ ಇಲ್ಲ. ಆಮೇಲೆ ನನ್ನ ಮುಖ ನೋಡೋಕೆ ಬರ್ಬೇಡಿ.”

ಹುಡುಗ ಅಮ್ಮನಿಗೆ ವಿಮಾನದ ಟಿಕೆಟ್ ಮಾಡಿಸಿದ. ಆ ಊರಿನ ಸಣ್ಣ ವಿಮಾನ ನಿಲ್ದಾಣದಿಂದ ಈ ಊರಿನ ಸಣ್ಣ ವಿಮಾನ ನಿಲ್ದಾಣಕ್ಕೆ ದಿನಕ್ಕೊಂದೇ ವಿಮಾನ. ಹೊರಡುವುದು ಹನ್ನೊಂದು ಹತ್ತಕ್ಕೆ, ತಲುಪುವುದು ಹನ್ನೆರಡು ಇಪ್ಪತ್ತೈದಕ್ಕೆ.

ಮಗಳು ಮೊಬೈಲಿನಲ್ಲಿ ಟಿಕೆಟ್ ತೋರಿಸಿದ್ದೇ ತಡ, ನಿಮಿಷಯ್ಯನವರ ಹುಬ್ಬು ಮೇಲೇರಿತು.

“ಒಂದೂಕಾಲು ಗಂಟೆ? ವಿಮಾನಕ್ಕೆ?”

“ಹೌದಪ್ಪಾ. ಅಷ್ಟೇ ಅಲ್ವಾ ಹಾಕಿರೋದು.”

“ಹಾಕಿರ್ತಾರೆ. ಹಾಕೋದು ನಮಗೆ ಗೊತ್ತಿಲ್ವಾ?”

ಒಳಗೆ ಹೋಗಿ ಗೋಡೆಯ ನಕ್ಷೆ ಇಳಿಸಿ ಹಾಸಿದರು. ಹೆಂಡತಿ ಹೊಲಿಗೆ ಕೆಲಸದವಳು. ಆಕೆ ಬಟ್ಟೆ ಅಳೆಯುತ್ತಿದ್ದ ಟೇಪನ್ನು ಕೈಯಿಂದಲೇ ಕಿತ್ತುಕೊಂಡು ಎರಡೂ ಊರಿನ ನಡುವೆ ಇಟ್ಟರು.

“ರೀ, ಅರ್ಧ ತೋಳು ಅಳತೆ ಆಗಿದೆ, ಕೊಡ್ರೀ!”

“ತಡಿಯೇ. ಇನ್ನೂರ ಎಂಬತ್ತಾರು ಕಿಲೋಮೀಟರು. ಸರಳ ರೇಖೆ. ಆಕಾಶದಲ್ಲಿ ತಿರುವಿಲ್ಲ, ರೋಡ್ ಹಂಪ್ಸ್ ಇಲ್ಲ, ಎಮ್ಮೆ ಇಲ್ಲ. ಆ ಪುಟ್ಟ ವಿಮಾನ ಗಂಟೆಗೆ ಎಷ್ಟು ಓಡತ್ತೆ?”

“ಐನೂರಂತೆ,” ಎಂದಳು ಮಗಳು, ಬಾಯಿತಪ್ಪಿ.

ಹಾಳೆಯ ಮೇಲೆ ಭಾಗಾಕಾರ ನಡೆಯಿತು. “ಮೂವತ್ನಾಲ್ಕು ನಿಮಿಷ! ಟಿಕೆಟ್‌ನಲ್ಲಿ ಎಪ್ಪತ್ತೈದು. ನಲವತ್ತೊಂದು ನಿಮಿಷ ಗಂಟು ಕಟ್ಟಿದಾರೆ, ಕಳ್ಳರು!” ನಿಮಿಷಯ್ಯನವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಕೈಚಳಕ ಕಂಡಾಗ ಬರುವ ಮೆಚ್ಚುಗೆ ಇತ್ತು. “ನಾನು ನನ್ನ ಜನ್ಮದಲ್ಲಿ ಇಷ್ಟು ದೊಡ್ಡ ಗಂಟು ಕಟ್ಟಿರ್ಲಿಲ್ಲ ಬಿಡು.”

ಅವರು ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೀಗಿತಿಗೆ ಫೋನ್ ಮಾಡಿದರು.

“ನಮಸ್ಕಾರ ಬೀಗಿತಿಯವರೇ. ಟಿಕೆಟ್ ಸಿಕ್ತಾ? ಅದ್ರಲ್ಲಿರೋ ಟೈಮು ನಂಬ್ಬೇಡಿ. ಅದು ಜನರಿಗೆ. ನಮ್ಮಂಥ ಒಳಗಿನೋರಿಗೆ ಬೇರೆ ಲೆಕ್ಕ. ನಿಜವಾದ ಓಟ ಮೂವತ್ನಾಲ್ಕೇ ನಿಮಿಷ.”

ಆ ಕಡೆ ಪುಟ ತಿರುವಿದ ಸದ್ದು. ಆಮೇಲೆ ವಾರ್ಡನ್ನರ ದನಿ: “ಹಾಗಾ? ನಾನೂ ಹುಡುಗೀರಿಗೆ ಏಳೂವರೆಗೆ ಊಟ ಅಂತ ಬರೆದು ಎಂಟಕ್ಕೇ ಬಡಿಸ್ತಿದ್ದೆ. ಮೂವತ್ನಾಲ್ಕು. ಬರ್ಕೊಂಡೆ.”

“ಬರ್ಕೊಳ್ಳಿ, ಬರ್ಕೊಳ್ಳಿ.” ನಿಮಿಷಯ್ಯ ಫೋನಿಟ್ಟು ಹೆಂಡತಿಯ ಕಡೆ ತಿರುಗಿದರು. “ತುಂಬಾ ತಿಳುವಳಿಕಸ್ತೆ ಕಣೇ. ಜನ ಸುಮ್ನೆ ಹೆದ್ರಿಸಿದ್ರು.”

ಮಾರನೆಯ ದಿನ ಮಗಳು ಅಪ್ಪನನ್ನು ನೋಂದಣಿ ಕಚೇರಿಗೆ ಕಳಿಸಿದಳು. ಕೆಲಸ ಒಂದೇ: ವಿಮಾನ ಬರುವ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಸಮಯ ಗೊತ್ತು ಮಾಡಿಕೊಂಡು ಬರುವುದು. ‘ನಾಲ್ಕು’ ಎಂದು ಚೀಟಿಯಲ್ಲಿ ಬರೆದು, ಅಡಿಗೆರೆ ಎಳೆದು, ಜೇಬಿಗೂ ಹಾಕಿದಳು. ಹೆತ್ತ ತಂದೆಯನ್ನು ಅವಳು ಬಲ್ಲಳು.

ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಪುಸ್ತಕ ತೆರೆದ. “ಆ ದಿನ ಎರಡೇ ಉಳಿದಿವೆ ನೋಡಿ. ಹನ್ನೆರಡೂಕಾಲು, ಇಲ್ಲಾ ನಾಲ್ಕು. ಮಾರನೇ ದಿನದಿಂದ ಸಾಹೇಬ್ರು ಮೂರು ವಾರ ತರಬೇತಿಗೆ ಹೋಗ್ತಾರೆ. ಕಚೇರಿಯಲ್ಲಿ ಮದ್ವೆ ಇಲ್ಲ. ಯಾವುದು ಬರೀಲಿ?”

ಚೀಟಿ ನಿಮಿಷಯ್ಯನವರ ಕೈಯಲ್ಲೇ ಇತ್ತು. ‘ನಾಲ್ಕು’ ಎಂದು ಹೇಳಲು ಬಾಯಿಯನ್ನೂ ತೆರೆದಿದ್ದರು. ಆದರೆ ಗುಮಾಸ್ತ ಸುಮ್ಮನಿರಬೇಕಲ್ಲ.

“ಹುಡುಗನ ತಾಯಿ ವಿಮಾನದಲ್ಲಿ ಬರ್ತಾರೆ ಅಂದ್ರಲ್ಲ? ಅದು ಬರೋದೇ ಹನ್ನೆರಡು ಇಪ್ಪತ್ತೈದಕ್ಕೆ. ನಿಮ್ಗೆ ಈ ಹನ್ನೆರಡೂಕಾಲು ಆಗಲ್ಲ ಬಿಡಿ.”

“ಯಾಕಾಗಲ್ಲ?”

“ವಿಮಾನ ಇಳೀಬೇಕಲ್ಲ ಯಜಮಾನ್ರೇ.”

“ಹನ್ನೊಂದು ನಲವತ್ನಾಲ್ಕಕ್ಕೆ ಇಳಿಯತ್ತೆ,” ಎಂದರು ನಿಮಿಷಯ್ಯ. “ಅಲ್ಲಿಂದ ಇಲ್ಲಿಗೆ ಹದಿನೆಂಟು ಕಿಲೋಮೀಟರು, ಇಪ್ಪತ್ತೈದು ನಿಮಿಷ. ಹನ್ನೆರಡು ಒಂಬತ್ತಕ್ಕೆ ನಿಮ್ಮ ಬಾಗ್ಲಲ್ಲಿ ಬೀಗಿತಿ. ಆರು ನಿಮಿಷ ಮೈಮುರ್ಕೊಳ್ಳೋಕೆ.”

ಸಾಲಿನಲ್ಲಿ ನಿಂತಿದ್ದವರ ಕಿವಿ ನೆಟ್ಟಗಾದವು. ಯಾರೋ “ಹೌದಾ?” ಎಂದರು. ಇನ್ಯಾರೋ “ಇರ್ಬಹುದಪ್ಪ, ಅವ್ರು ಟೈಮ್‌ಕೀಪರ್ ಆಗಿದ್ದೋರು,” ಎಂದರು. ಸಾಕಾಯಿತು. ಮೂವತ್ತೊಂದು ವರ್ಷದ ಸೇವೆ ಎದೆಯಲ್ಲಿ ಉಬ್ಬಿ ಬಂತು. “ಬರೀರಿ ಹನ್ನೆರಡೂಕಾಲು!”

ಗುಮಾಸ್ತ ಬರೆದ. ಮುದ್ರೆ ಬಿತ್ತು. ಹಿಂದೆ ನಿಂತಿದ್ದ ಜೋಡಿ, ಎಲ್ಲಿ ಈ ಮನುಷ್ಯ ಮನಸ್ಸು ಬದಲಿಸುತ್ತಾನೋ ಎಂದು, ನಾಲ್ಕು ಗಂಟೆಯನ್ನು ಕಣ್ಣು ಮಿಟುಕಿಸುವುದರೊಳಗೆ ತಮ್ಮದು ಮಾಡಿಕೊಂಡಿತು.

ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯುವುದು ಸಭ್ಯತೆಯಲ್ಲ. ಮಗಳು ಆ ದಿನ ಮೂರು ಸಲ ಕಚೇರಿಗೆ ಹೋಗಿ ಬಂದಳು. ನಾಲ್ಕು ಗಂಟೆಯ ಜೋಡಿ ಜಪ್ಪಯ್ಯ ಎನ್ನಲಿಲ್ಲ. ಅವರ ಕಡೆಯ ಅಜ್ಜಿ ಬರುವ ರೈಲು ಎರಡು ಗಂಟೆಗಂತೆ.

“ಅಪ್ಪಾ, ಅಮ್ಮ ಬರೋಷ್ಟರಲ್ಲಿ ನಮ್ಮ ಸರದಿ ಹೋಗಿಬಿಟ್ರೆ?” ಎಂದು ಹುಡುಗನೂ ಬಂದು ಕೇಳಿದ. ಭಾವಿ ಮಾವನನ್ನು ಈಗಾಗಲೇ ಅಪ್ಪ ಎಂದು ಕರೆಯುವಷ್ಟು ಒಳ್ಳೆಯ ಹುಡುಗ. “ನಮ್ಮ ಲಿಫ್ಟಲ್ಲೂ ಹಾಗೇ. ಏರೋಕೆ ಹೊತ್ತಾಗಲ್ಲ. ಬಾಗ್ಲು ಮುಚ್ಚೋಕೆ, ತೆಗೆಯೋಕೆ ಹೊತ್ತಾಗೋದು.”

“ಲಿಫ್ಟು ಬೇರೆ, ವಿಮಾನ ಬೇರೆ. ವಿಮಾನ ಪ್ರತಿ ಮಹಡೀಲೂ ನಿಲ್ಲತ್ತಾ?”

ಹುಡುಗ ತಲೆ ಕೆರೆದುಕೊಂಡು ಲಿಫ್ಟು ನೋಡಲು ಹೊರಟ.

ಬೀದಿಯಲ್ಲಿ ಮಾತ್ರ ಮೂವತ್ನಾಲ್ಕು ನಿಮಿಷ ಬೆಳೆಯುವ ಬದಲು ಇಳಿಯುತ್ತ ಹೋಯಿತು. ಕ್ಷೌರಿಕನ ಅಂಗಡಿಯಲ್ಲಿ ಅದು ಅರ್ಧ ಗಂಟೆಯಾಯಿತು. ಇಸ್ತ್ರಿ ಮಾಡುವಾಕೆಯ ಬಾಯಲ್ಲಿ ಇಪ್ಪತ್ತು ನಿಮಿಷ. ಎದುರುಮನೆಯ ನಿವೃತ್ತ ಕಾಂಪೌಂಡರ್ ತನ್ನ ಮಂಡಿನೋವಿಗೆ ಆ ಊರಿನ ವೈದ್ಯರಲ್ಲಿಗೇ ಹೋಗಿಬರುತ್ತೇನೆಂದು ಹೊರಟ. “ಕಾಲು ಗಂಟೆ ದಾರಿ ಅಂತಲ್ಲ! ಇಲ್ಲಿ ಆಸ್ಪತ್ರೇಲಿ ಚೀಟಿ ಮಾಡ್ಸೋಕೇ ಅದಕ್ಕಿಂತ ಹೆಚ್ಚಾಗತ್ತೆ.” ನಿಮಿಷಯ್ಯ ಯಾರನ್ನೂ ತಿದ್ದಲಿಲ್ಲ. ತಾವು ಕಂಡುಹಿಡಿದ ಸತ್ಯ ಇಷ್ಟು ವೇಗವಾಗಿ ಹಬ್ಬುತ್ತಿರುವಾಗ ಸಣ್ಣಪುಟ್ಟ ನಿಮಿಷಕ್ಕೆ ಜಗ್ಗಾಡುವುದು ಸಣ್ಣತನ ಅನ್ನಿಸಿತು.

ಆ ದಿನ ಬಂತು. ಹೆಂಡತಿ, ಮಗಳು, ಹುಡುಗ ಮೂವರೂ ನೋಂದಣಿ ಕಚೇರಿಗೆ ಹೋದರು. ನಿಮಿಷಯ್ಯ ಕ್ಷೌರಿಕನನ್ನೂ ಕಾಂಪೌಂಡರನ್ನೂ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ವಿಮಾನ ನಿಲ್ದಾಣಕ್ಕೆ ಬಂದರು. ಸಾಕ್ಷಿಗಳಿಲ್ಲದೆ ಗೆಲ್ಲುವುದರಲ್ಲಿ ಏನು ಸುಖ?

ಹನ್ನೊಂದು ನಲವತ್ತಕ್ಕೆ ಮೂವರೂ ತಂತಿ ಬೇಲಿಯ ಪಕ್ಕ ಸಾಲಾಗಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡತೊಡಗಿದರು. ನಲವತ್ನಾಲ್ಕಾಯಿತು. ಒಂದು ಹದ್ದು ಬಂತು.

“ಇದಲ್ಲ,” ಎಂದ ಕ್ಷೌರಿಕ, ನಿಶ್ಚಯಕ್ಕಾಗಿ.

ನಲವತ್ತೆಂಟಾಯಿತು. “ಗಾಳಿ ಎದುರಿದೆ,” ಎಂದರು ನಿಮಿಷಯ್ಯ. ಪಕ್ಕದ ಗಿಡದ ಎಲೆಯೊಂದೂ ಅಲುಗುತ್ತಿರಲಿಲ್ಲ. “ಮೇಲೆ. ಮೇಲಿನ ಗಾಳಿ.”

ಮೂರು ಜನ ಬೇಲಿಗೆ ಅಂಟಿಕೊಂಡು ಆಕಾಶ ನೋಡುತ್ತಿದ್ದಾರೆಂದು ಕಾವಲುಗಾರ ವರದಿ ಮಾಡಿದ್ದರಿಂದ ನಿಲ್ದಾಣದ ಅಧಿಕಾರಿಯೇ ಹೊರಗೆ ಬಂದರು. ದಿನಕ್ಕೊಂದು ವಿಮಾನ ಬರುವ ನಿಲ್ದಾಣದ ಅಧಿಕಾರಿ. ಮಾತಿಗೆ ಜನ ಸಿಕ್ಕಿದ್ದು ಅವರಿಗೂ ಖುಷಿಯೇ.

“ಯಾರನ್ನ ಕಾಯ್ತಿದೀರಿ?”

“ವಿಮಾನಾನ. ನಾಲ್ಕು ನಿಮಿಷ ತಡ ಆಗಿದೆ ನಿಮ್ದು.”

“ತಡವಾ? ಇನ್ನೂ ಅರ್ಧ ಗಂಟೆ ಮೇಲಿದೆಯಲ್ಲ!”

“ಸಾರ್, ನಾನೂ ಟೈಮ್‌ಕೀಪರ್ರೇ. ಮುಚ್ಚುಮರೆ ಬೇಡ. ಇನ್ನೂರ ಎಂಬತ್ತಾರು ಕಿಲೋಮೀಟರಿಗೆ ಎಪ್ಪತ್ತೈದು ನಿಮಿಷ ಯಾಕೆ ಬರ್ದಿದೀರಿ?”

ಅಧಿಕಾರಿ ನಕ್ಕರು. “ಟೇಪಲ್ಲಿ ಅಳೆದ್ರಾ? ಆಕಾಶದಲ್ಲೂ ದಾರಿ ಇರತ್ತೆ ಯಜಮಾನ್ರೇ, ಸುತ್ತಿ ಬರ್ಬೇಕು, ಮುನ್ನೂರ ಇಪ್ಪತ್ತಾಗತ್ತೆ. ಬಾಗ್ಲು ಮುಚ್ಚಿದ್ಮೇಲೆ ನೆಲದ ಮೇಲೇ ಹತ್ತು ನಿಮಿಷ ತೆವಳತ್ತೆ. ಏರೋವಾಗ ನಿಧಾನ, ಇಳಿಯೋವಾಗ ನಿಧಾನ. ಐನೂರರ ಓಟ ನಡುವೆ ಒಂದಿಷ್ಟು ಹೊತ್ತು ಅಷ್ಟೇ. ಇಲ್ಲಿಗೆ ಬಂದ್ಮೇಲೂ ಆ ಗುಡ್ಡ ಬಳಸಿ, ಆ ಕಡೆಯಿಂದಲೇ ಇಳೀಬೇಕು.”

ನಿಮಿಷಯ್ಯ ಎಲ್ಲವನ್ನೂ ಕೇಳಿಸಿಕೊಂಡು, ಅಧಿಕಾರಿಯ ಕಿವಿಯ ಹತ್ತಿರ ಬಂದರು. “ಆದ್ರೂ... ಒಂದು ಗಂಟು?”

ಅಧಿಕಾರಿ ಆಚೀಚೆ ನೋಡಿದರು. “ಹನ್ನೆರಡು ನಿಮಿಷ,” ಎಂದರು ಪಿಸುದನಿಯಲ್ಲಿ.

“ಅಲ್ಲಿಗೆ!” ಎಂದು ನಿಮಿಷಯ್ಯ ಕ್ಷೌರಿಕನ ಕಡೆ ವಿಜಯದ ಮುಖ ತಿರುಗಿಸಿದರು. “ಗಂಟಿದೆ!”

“ಗಂಟಿದೆ ಸರಿ,” ಎಂದ ಕ್ಷೌರಿಕ, “ಆದ್ರೆ ನಿಮ್ಮ ಮಗಳ ಸರದಿ ಹನ್ನೆರಡೂಕಾಲಕ್ಕಲ್ವಾ?”

ಆಗ ಮೊದಲ ಬಾರಿಗೆ ನಿಮಿಷಯ್ಯನವರ ಬೆನ್ನಿನಲ್ಲಿ ಒಂದು ಬೆವರ ಹನಿ ಕೆಳಗಿಳಿಯಲು ಹೊರಟಿತು. ಅದಕ್ಕೆ ವೇಳಾಪಟ್ಟಿ ಇರಲಿಲ್ಲ. ಆದರೂ ಎದೆ ಗಟ್ಟಿಮಾಡಿಕೊಂಡು ಹೆಂಡತಿಗೆ ಫೋನ್ ಹಚ್ಚಿದರು. “ಒಂದು ಗಂಟೆವರೆಗೆ ಹೇಗಾದ್ರೂ ಎಳೀರಿ. ಯಾವ ಕಚೇರೀಲಿ ಹೇಳಿದ ಹೊತ್ತಿಗೆ ಕೆಲ್ಸ ಶುರುವಾಗಿದೆ?”

“ಇಲ್ಲಿ ಆಗ್ತಿದೆ ಕಣ್ರೀ!” ಹೆಂಡತಿಯ ದನಿ ಅಳುವಿನ ಅಂಚಿನಲ್ಲಿತ್ತು. “ಸಾಹೇಬ್ರು ನಾಳೆ ತರಬೇತಿಗೆ ಹೋಗ್ಬೇಕಂತ ಇವತ್ತು ಓಡಿಸ್ತಾ ಇದಾರೆ!”

ಹನ್ನೆರಡು ಹದಿಮೂರಕ್ಕೆ ವಿಮಾನ ಇಳಿಯಿತು. ಹೇಳಿದ್ದಕ್ಕಿಂತ ಹನ್ನೆರಡು ನಿಮಿಷ ಮುಂಚೆ! ನಿಮಿಷಯ್ಯನವರ ಬೆವರು ಅರ್ಧ ದಾರಿಯಲ್ಲೇ ಆರಿತು. “ನೋಡಿದ್ರಾ? ನೋಡಿದ್ರಾ?” ಎಂದು ಬೇಲಿಯನ್ನೇ ಕೇಳಿದರು. ಬಾಗಿಲ ಬಳಿ ಓಡಿದರು.

ಬಂದವರು ಇಪ್ಪತ್ತೆರಡು ಜನ. ಒಬ್ಬೊಬ್ಬರನ್ನೂ ಬಸ್ಸಿನಿಂದ ಇಳಿದವರಂತೆ ಎಣಿಸಿದರು. ಆಮೇಲೆ ಪೈಲಟ್ ಬಂದ. ಆಮೇಲೆ ಇನ್ನೊಬ್ಬ ಪೈಲಟ್ ಬಂದ. ಆಮೇಲೆ ಪೊರಕೆ ಹಿಡಿದ ಹೆಂಗಸೊಬ್ಬಳು ಬಂದು, “ಒಳಗೆ ಯಾರೂ ಇಲ್ಲ,” ಎಂದಳು.

ಫೋನ್ ಬಡಿದುಕೊಂಡಿತು. ಬೀಗಿತಿ.

“ಏನ್ರೀ ಇದು! ನನ್ನ ಬಿಟ್ಟು ಹೊರಟೇ ಹೋಯ್ತಲ್ರೀ ವಿಮಾನ!”

“ಅಯ್ಯೋ! ನೀವು ಎಷ್ಟು ಹೊತ್ತಿಗೆ ಬಂದ್ರಿ?”

“ಹನ್ನೊಂದೂಕಾಲಕ್ಕೇ ಬಂದಿದೀನಿ, ಅರ್ಧ ಗಂಟೆ ಮುಂಚೆನೇ! ಒಳಗೇ ಬಿಡ್ಲಿಲ್ಲ. ಗಂಟೆಹೊತ್ತಿಂದ ಈ ಕಿಟಕೀಲಿರೋ ಹುಡುಗಿ ಹತ್ರ ಜಗಳ ಆಡ್ತಾ ಇದೀನಿ. ಹನ್ನೊಂದು ಹತ್ತಕ್ಕೇ ಹೋಯ್ತಂತೆ!”

“ಟಿಕೆಟ್‌ನಲ್ಲಿ ಹನ್ನೊಂದು ಹತ್ತು ಅಂತಾನೇ ಇತ್ತಲ್ಲ ಬೀಗಿತಿಯವರೇ...”

“ಟಿಕೆಟ್‌ನಲ್ಲಿರೋದು ನಂಬ್ಬೇಡಿ ಅಂದೋರು ಯಾರು? ನಿಮ್ಮನೇ ಗೋಡೆನಾ? ಓಟ ಮೂವತ್ನಾಲ್ಕು ನಿಮಿಷ, ತಲುಪೋದು ಹನ್ನೆರಡು ಇಪ್ಪತ್ತೈದಕ್ಕೆ. ಕಳೀರಿ! ಹನ್ನೊಂದು ಐವತ್ತೊಂದು ಬರ್ಲಿಲ್ವಾ? ನನ್ನ ಲೆಕ್ಕ ತಪ್ಪಾ?”

ನಿಮಿಷಯ್ಯ ಮನಸ್ಸಿನಲ್ಲೇ ಕಳೆದರು. ಐವತ್ತೊಂದೇ ಬಂತು. ತಾವು ಗಂಟನ್ನು ಇಳಿಯುವ ತುದಿಯಲ್ಲಿ ಬಿಚ್ಚಿದ್ದರು. ಆಕೆ ಹೊರಡುವ ತುದಿಯಲ್ಲಿ ಬಿಚ್ಚಿದ್ದರು. ಇಬ್ಬರದೂ ಒಂದೇ ವಿದ್ಯೆ.

“ಲೆಕ್ಕ ಸರಿ ಬೀಗಿತಿಯವರೇ,” ಎಂದರು.

ಅಷ್ಟರಲ್ಲಿ ಕ್ಷೌರಿಕನ ಫೋನ್ ರಿಂಗಾಯಿತು. ಮಗಳು. “ಅಪ್ಪನ ಫೋನ್ ಸಿಗ್ತಿಲ್ಲ, ಕೊಡಿ ಮಾಮ.” ಫೋನು ಕೈ ಬದಲಾಯಿಸಿತು. “ಅಪ್ಪಾ, ನಮ್ಮನ್ನ ಕರೆದ್ರು! ಅತ್ತೆ ಎಲ್ಲಿ?”

ನಿಮಿಷಯ್ಯ ಎಡಗೈಯಲ್ಲಿ ಬೀಗಿತಿಯನ್ನೂ ಬಲಗೈಯಲ್ಲಿ ಮಗಳನ್ನೂ ಹಿಡಿದುಕೊಂಡು ನಿಂತರು. ಕೊನೆಗೆ ಎರಡೂ ಫೋನಿನ ದನಿ ಜೋರು ಮಾಡಿ, ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ ತಲೆಕೆಳಗು ಮಾಡಿ ಜೋಡಿಸಿ ಹಿಡಿದರು. ಅಧಿಕಾರಿ, ಕಾವಲುಗಾರ, ಪೊರಕೆಯಾಕೆ, ಇಬ್ಬರು ಪೈಲಟ್ಟುಗಳು ಸುತ್ತ ನಿಂತರು.

“ಮಗಳೇ,” ಎಂದರು ನಿಮಿಷಯ್ಯ ಆ ಎರಡು ಫೋನುಗಳ ಸಂದಿಗೆ, “ನಿಮ್ಮತ್ತೆ ವಿಮಾನ ಹತ್ತಿಲ್ಲ. ತಪ್ಪು ಅವರ್ದಲ್ಲ. ನಂದು.”

ಕಾಂಪೌಂಡರ್ ಕ್ಷೌರಿಕನ ಮುಖ ನೋಡಿದ. ಈ ಮಾತನ್ನು ಆ ಬಾಯಿಂದ ಯಾರೂ ಕೇಳಿರಲಿಲ್ಲ.

ಬಲಗೈಯ ಫೋನಿನಲ್ಲಿ ಕಚೇರಿಯ ಗದ್ದಲ ಕೇಳುತ್ತಿತ್ತು. ಗುಮಾಸ್ತನ ದನಿ: “ಸಾಕ್ಷಿ ತಾನೇ ಬೇಕಾಗಿರೋದು? ಸಾಲಲ್ಲಿ ಇಷ್ಟು ಜನ ಇದಾರೆ, ಯಾರಾದ್ರೂ ಹಾಕ್ತಾರೆ. ಬನ್ನಿ, ಬನ್ನಿ.” ಸಾಲಿನಿಂದ ಯಾರೋ ಉತ್ಸಾಹಿ, “ನಾನ್ ಹಾಕ್ತೀನಿ, ಪೆನ್ನಿದೆ!” ಎಂದ. ಸಾಹೇಬರ ದನಿ: “ಬೇಗ ಹೇಳಮ್ಮ. ಇವತ್ತು ಬಿಟ್ರೆ ಇನ್ನು ಮೂರು ವಾರ.”

ಎಡಗೈಯ ಫೋನು ಉಸಿರಾಡುವುದನ್ನೂ ನಿಲ್ಲಿಸಿತ್ತು.

“ಬೇಡ ಸಾರ್,” ಎಂದಳು ಮಗಳು. “ಅವರು ಬರ್ದೆ ನಾವು ಸಹಿ ಹಾಕಲ್ಲ. ಅವರ ಜಾಗದಲ್ಲಿ ದಾರಿಹೋಕರು ಸಹಿ ಹಾಕೋದಾ? ಮೂರು ವಾರ ಬಿಟ್ಟೇ ಬರ್ತೀವಿ. ನಮ್ಗೇನು ಅವಸರ ಇಲ್ಲ.” ಆಮೇಲೆ, “ಅವಸರ ಇದ್ದಿದ್ದು ನಮ್ಮಪ್ಪಂಗೆ,” ಎಂದಳು.

ಎಡಗೈಯ ಫೋನು ಮೂಗು ಸೀಟಿತು.

“ಬೀಗರೇ, ಇದೀರಾ?”

“ಇದೀನಿ.”

“ಆ ಹುಡುಗೀನ ನೀವೇ ಬೆಳೆಸಿದ್ದಾ?”

“ಹೆಚ್ಚಾಗಿ ಅವಳಮ್ಮ.”

“ಅನ್ಕೊಂಡೆ. ನಾಳೆ ವಿಮಾನಕ್ಕೆ ಬರ್ತೀನಿ. ಆ ಸಾಹೇಬ್ರು ವಾಪಸ್ ಬರೋವರೆಗೂ ನಿಮ್ಮನೇಲೇ ಇರ್ತೀನಿ. ಇಪ್ಪತ್ತೊಂದು ದಿನ. ಇನ್ನೊಂದ್ಸಲ ವಿಮಾನದ ಲೆಕ್ಕ ನಂಗೆ ಬೇಡ. ಬೆಳಿಗ್ಗೆ ಐದೂವರೆಗೆ ಏಳೋದು ನಿಮ್ಮನೇಲಿ ಎಲ್ರಿಗೂ ಅಭ್ಯಾಸ ತಾನೇ?”

ನಲವತ್ತೊಂದು ನಿಮಿಷವನ್ನು ಬಿಚ್ಚಲು ಹೋದ ಮನುಷ್ಯನಿಗೆ ಇಪ್ಪತ್ತೊಂದು ದಿನ ಕಟ್ಟಿಕೊಂಡಿತು. ಪೈಲಟ್ ನಿಮಿಷಯ್ಯನವರ ಬೆನ್ನು ತಟ್ಟಿ ಹೋದ.

ಮರುದಿನ ಅವರೊಬ್ಬರೇ ಹೋದರು. ಹೆಂಡತಿ ಬಾಡಿಗೆ ಕಾರು ಗೊತ್ತು ಮಾಡಿ, ಎಲ್ಲಿಗೂ ಫೋನ್ ಮಾಡಬಾರದು, ಯಾರೊಂದಿಗೂ ಲೆಕ್ಕ ಹಾಕಬಾರದು ಎಂದು ಆಣೆ ಹಾಕಿಸಿಯೇ ಕಳಿಸಿದಳು. ಬೀಗಿತಿ ಎರಡು ಪೆಟ್ಟಿಗೆ, ಒಂದು ಕೊಡೆ, ಒಂದು ದಿನಚರಿ ಪುಸ್ತಕದ ಸಮೇತ ಹೊರಬಂದರು. ನಿಮಿಷಯ್ಯ ಪೆಟ್ಟಿಗೆಗಳನ್ನು ತಾವೇ ಎತ್ತಿದರು. ಕಾರಿನಲ್ಲಿ ಕೂತ ಮೇಲೆ ಬೀಗಿತಿ ಪುಸ್ತಕ ತೆರೆದರು.

“ಇಲ್ಲಿಂದ ಮನೆಗೆ ಎಷ್ಟು ಹೊತ್ತು?”

ನಿಮಿಷಯ್ಯ ಬಾಯಿ ತೆರೆದರು. ಮುಚ್ಚಿದರು. ಚಾಲಕನ ಕಡೆ ನೋಡಿದರು. ಚಾಲಕ, “ಅರ್ಧ ಗಂಟೆ,” ಎಂದ.

ಬೀಗಿತಿ ಪೆನ್ನು ತೆಗೆದು ‘ಮುಕ್ಕಾಲು ಗಂಟೆ’ ಎಂದು ಬರೆದರು. ನಿಮಿಷಯ್ಯ ಅದನ್ನು ಓರೆಗಣ್ಣಿನಿಂದ ಓದಿದರು. ಎದೆ ತುಂಬಿ ಬಂತು.

ಮನೆಯ ಮುಂದೆ ಕಾರು ನಿಂತಾಗ ಇಪ್ಪತ್ತೆಂಟು ನಿಮಿಷವಾಗಿತ್ತು. ಹೆಂಡತಿ, ಮಗಳು, ಹುಡುಗ ಬಾಗಿಲಿನಿಂದ ಇಳಿದು ಬಂದರು. ಚಾಲಕ ಪೆಟ್ಟಿಗೆ ಇಳಿಸಲು ಹಿಂದೆ ಹೋದ. ನಿಮಿಷಯ್ಯ ಬಾಗಿಲಿಗೆ ಕೈ ಹಾಕಿದರು.

“ಎಲ್ಲಿ ಹೊರಟ್ರಿ?” ಎಂದರು ಬೀಗಿತಿ. “ಇನ್ನೂ ಹದಿನೇಳು ನಿಮಿಷ ಇದೆ. ಕೂತ್ಕೊಳ್ಳಿ. ಒಳಗೆ ಹೋದ್ರೆ ಎಲ್ರೂ ಒಟ್ಟಿಗೆ ಮಾತಾಡ್ತಾರೆ, ಒಂದೂ ಕೇಳ್ಸಲ್ಲ. ಈಗ ಹೇಳಿ, ನಿಮ್ಮ ಮಗಳಿಗೆ ಸಿಟ್ಟು ಬಂದ್ರೆ ಊಟ ಬಿಡ್ತಾಳಾ, ಮಾತು ಬಿಡ್ತಾಳಾ?”

“ಎರಡೂ ಇಲ್ಲ. ಪಾತ್ರೆ ತೊಳೀತಾಳೆ. ತೊಳೆದಿರೋದನ್ನೇ ಮತ್ತೆ ತೊಳೀತಾಳೆ.”

“ನನ್ನ ಮಗನೂ ಹಾಗೇ ರೀ! ಕೆಡದೇ ಇರೋ ಫ್ಯಾನ್ ಬಿಚ್ಚಿ ಕೂತ್ಕೋತಾನೆ!”

ಬೀಗಿತಿ ನಕ್ಕರು. ನಿಮಿಷಯ್ಯ ನಕ್ಕರು. ಹೊರಗೆ ಹೆಂಡತಿ ಏನಾಯಿತೋ ಎಂದು ಗಾಬರಿಯಿಂದ ಗಾಜು ತಟ್ಟಿದಳು. ಒಳಗಿನಿಂದ ಇಬ್ಬರೂ ಅವಳ ಕಡೆ ನೋಡದೆಯೇ, ಒಟ್ಟಿಗೆ, ಬೆರಳೆತ್ತಿ ತೋರಿಸಿದರು: ತಡಿ, ಇನ್ನೂ ಟೈಮಿದೆ.